ನುಗ್ಗಿ ಗಿಡದ ಬೀಟ್‌ರೂಟು

ದರಿಬಡಚಿಯ ದಾಕ್ಷಾಯಣಿ ಬಸುರಿ ಎಂಬ ಸುದ್ದಿ ಹೊರಬಿದ್ದ ದಿನದಿಂದ ಆ ಮನೆಯಲ್ಲಿ ಆಕೆ ಮಾಡಬಾರದ ಕೆಲಸಗಳು ದಿನಕ್ಕೊಂದರಂತೆ ಹುಟ್ಟಿಕೊಂಡವು. ಕೊಡ ಎತ್ತಬಾರದು. ಹೊಸ್ತಿಲ ಮೇಲೆ ಕೂಡಬಾರದು. ಇಡೀ ಕುಂಬಳಕಾಯಿಗೆ ಈಳಿಗೆ ಮುಟ್ಟಿಸಬಾರದು. ಒಂದು ದಿನ ಅತ್ತೆ ಸಾವಿತ್ರೆವ್ವ, "ಅಷ್ಟ ಜೋರ ಸೀನಬ್ಯಾಡವಾ, ಕೂಸು ಬೆದರತದ," ಎಂದಾಗ ದಾಕ್ಷಾಯಣಿ ಅರ್ಧ ಬಂದಿದ್ದ ಸೀನನ್ನು ಮೂಗಿನೊಳಗೇ ತಡೆದು, ಕಣ್ಣ ತುಂಬ ನೀರು ತಂದುಕೊಂಡು, ಸೀದಾ ಹಿತ್ತಲಿಗೆ ನಡೆದಳು. ಅಲ್ಲಿ ಮನಸೋ ಇಚ್ಛೆ ಸೀನಿ ಕಣ್ಣು ಬಿಟ್ಟಾಗ, ಬಚ್ಚಲ ನೀರು ಹರಿದು ಸದಾ ತೇವವಾಗಿರುತ್ತಿದ್ದ ಒಂದು ಖಾಲಿ ಜಾಗ ಆಕೆಯ ಕಣ್ಣಿಗೆ ಬಿತ್ತು. ನುಗ್ಗೆ ಗಿಡ ಒಂದು, ಕರಿಬೇವು ಒಂದು ಬಿಟ್ಟರೆ ಅಲ್ಲಿ ಬೇರೇನೂ ಇರಲಿಲ್ಲ.

ಆಗ ಸಂಕ್ರಾಂತಿಯ ಸುಮಾರು. ದಾಕ್ಷಾಯಣಿ ಬದನೆ, ಟೊಮೆಟೊ ಸಸಿ ಹಚ್ಚಿದಳು. ಬೆಂಡೆ, ಸೌತೆ, ಹೀರೆಯ ಬೀಜ ಊರಿದಳು. ಮಾಡಬಾರದ ಕೆಲಸಗಳ ಪೈಕಿ ಬೀಜ ಊರುವುದನ್ನು ಸೇರಿಸಲು ಅತ್ತೆಗೆ ನೆನಪಾಗಿರಲಿಲ್ಲ. ನೆನಪಾಗುವ ಹೊತ್ತಿಗೆ ಬದನೆ ಹೂ ಬಿಟ್ಟಿತ್ತು.

ಗಂಡ ಮಲ್ಲಿನಾಥನದು ಮೋಟರು ರಿಪೇರಿ ಅಂಗಡಿ. ಬಾವಿಯ ಮೋಟರು ಸುಟ್ಟರೆ ಪಕ್ಕಡ ಎಂಬ ಇಕ್ಕಳದಿಂದ ಹಳೆಯ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಿದ್ದ. ಮಲ್ಲಿನಾಥ ಸುತ್ತಿದ ತಂತಿ ಯಮ ಬಂದರೂ ಬಿಚ್ಚುವುದಿಲ್ಲ ಎಂದು ಸುತ್ತಲಿನ ಊರುಗಳಲ್ಲಿ ಹೆಸರು. ಗಿಡಗಳ ವಿಷಯದಲ್ಲಿ ಮಾತ್ರ ಬದನೆ ಯಾವುದು, ಬೆಂಡೆ ಯಾವುದು ಎಂಬುದು ಅವನಿಗೆ ಕಾಯಿ ತಟ್ಟೆಗೆ ಬಂದ ಮೇಲೆಯೇ ತಿಳಿಯುತ್ತಿತ್ತು. ಆದರೂ ದಿನಾ ಬೆಳಗ್ಗೆ ಹೆಂಡತಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಬೆರಳು ತೋರಿಸಿದ ಕಡೆಯೆಲ್ಲ ನೀರು ಹಾಕುತ್ತಿದ್ದ. ಕೆಲವೊಮ್ಮೆ ಕಸಕ್ಕೂ ಪ್ರೀತಿಯಿಂದ ಹಾಕುತ್ತಿದ್ದ.

ಹೋಳಿ ಹುಣ್ಣಿಮೆ ಕಳೆದು ಬಿಸಿಲು ಚುರುಕಾದಾಗ ಊರೆಲ್ಲ ಒಣಗಿ ಕಂದಾಗಿದ್ದರೂ ಆ ಹಿತ್ತಲು ಹಸಿರಾಗಿ ನಿಂತಿತು. ಅದನ್ನು ಕಂಡು ಸಾವಿತ್ರೆವ್ವನಿಗೆ ಎಲ್ಲಿಲ್ಲದ ಸಂಭ್ರಮ. ಬೀಗರು ಬಿಜ್ಜರು ಇರುವ ವಾಟ್ಸಾಪ್ ಗುಂಪಿಗೆ ದಿನಾ ಒಂದು ಫೋಟೊ, ಜತೆಗೊಂದು ಮಾತು. "ನಮ್ಮ ಸೊಸಿ ಕೈಗುಣ ನೋಡ್ರಿ. ಬಸರಿದ್ದಾಕಿ ಕೈ ಹಚ್ಚಿದ್ರ ಕಲ್ಲೂ ಕಾಯಿ ಬಿಡತದ." ಮಾತು ಗುಂಪಿಗೆಲ್ಲ ಹೋದರೂ ಗುರಿ ಒಬ್ಬಳೇ, ಗುಡ್ಡಾಪುರದ ಗೌರವ್ವ. ಮಾವ ಶ್ರೀಶೈಲಪ್ಪನ ಅಕ್ಕ. ಇಪ್ಪತ್ತೈದು ವರ್ಷದ ಹಿಂದೆ ಸಾವಿತ್ರೆವ್ವ ಮದುಮಗಳಾಗಿ ಬಂದ ಹೊಸತರಲ್ಲಿ ಅವಳು ಹಚ್ಚಿದ ಮೆಣಸಿನ ಗಿಡ ನೋಡಿ, "ಇದು ಗಿಡಾನೋ ಕಸಬರಗಿನೋ?" ಎಂದು ಕೇಳಿದ್ದವಳು.

ಗೌರವ್ವ ಎಲ್ಲ ಮಾತನ್ನೂ ಕೇಳಿಸಿಕೊಂಡು ಕಡೆಗೆ ಒಂದೇ ಉತ್ತರ ಕಳಿಸಿದಳು. "ಕುಬಸಕ್ಕ ಬರತೀನಿ. ಕಣ್ಣಾರೆ ನೋಡತೀನಿ."

ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ, ಬಯಸಿದ್ದನ್ನು ಉಣ್ಣಿಸುವ ದಿನ. ಮಹಾರಾಷ್ಟ್ರದ ತಮ್ಮ ತಾಲೂಕಿನ ಊರಾದ ಜತ್ತದಲ್ಲಿ ಓದುತ್ತಿದ್ದ ನಾದಿನಿ ಸೋನಾಲಿ ಅದಕ್ಕೆ ಡೋಹಾಳೆ ಜೇವಣ ಎಂದು ಮರಾಠಿ ಹೆಸರಿಟ್ಟು, ಫೋಟೊ ತೆಗೆಯುವ ಹೊಣೆ ತಾನೇ ಹೊತ್ತಳು. "ವೈನಿ, ಎಲ್ಲಾರೂ ಜೋಕಾಲಿ ಮ್ಯಾಲ ಕುಂದ್ರಸ್ತಾರ, ದೋಣ್ಯಾಗ ಕುಂದ್ರಸ್ತಾರ. ನಿನ್ನ ನಡುತ್ವಾಟದಾಗ ಕುಂದ್ರಸೂದು. ಸುತ್ತ ಬದನಿಕಾಯಿ, ಸೌತಿಕಾಯಿ. ಇಡೀ ತಾಲೂಕಿನ್ಯಾಗ ಇಂಥಾ ಥೀಮ್ ಯಾರೂ ಮಾಡಿಲ್ಲ."

ದಾಕ್ಷಾಯಣಿಗೆ ಒಳಗೊಳಗೇ ಖುಷಿ. ಅವಳಿಗೆ ಬೇಕಾಗಿದ್ದದ್ದು ಫೋಟೊ ಅಲ್ಲ. ಎಳೆ ಸೌತೆಕಾಯಿ ಬಳ್ಳಿಯಿಂದಲೇ ಹರಿದು ಕಚ್ಚಬೇಕೆಂದು ವಾರದಿಂದ ಬಾಯಿ ಹಾತೊರೆಯುತ್ತಿತ್ತು. ಕುಬಸದ ದಿನ ಏನು ಬೇಡಿದರೂ ಯಾರೂ ಇಲ್ಲ ಅನ್ನುವಂತಿಲ್ಲವಲ್ಲ.

ಒಂದೇ ತೊಡಕು, ಮನೆಯ ಮಗ್ಗುಲಿನಿಂದ ಹಿತ್ತಲಿಗೆ ಹೋಗುವ ಬೇಲಿಯ ಬಾಗಿಲು ಇಕ್ಕಟ್ಟು. ಏಳನೇ ತಿಂಗಳ ಹೊಟ್ಟೆ ಹೊತ್ತ ದಾಕ್ಷಾಯಣಿ ನೆಟ್ಟಗೆ ಹೋದರೆ ಸಿಕ್ಕಿಕೊಳ್ಳುತ್ತಿದ್ದಳು, ಅಡ್ಡ ತಿರುಗಿದರೆ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತಿದ್ದಳು. ಕುಬಸದ ಹಿಂದಿನ ದಿನ ಮಲ್ಲಿನಾಥನಿಗೆ ಅದನ್ನು ನೋಡಲಾಗಲಿಲ್ಲ. "ನಿನ್ನ ಸಲುವಾಗಿ ಬಾಗಲಾನ ಅಗಲ ಮಾಡತೀನಿ," ಎಂದು ಕದವನ್ನೂ ಅದರ ಜತೆಗಿದ್ದ ಮುಳ್ಳುಬೇಲಿಯನ್ನೂ ಕಿತ್ತು ಗೋಡೆಗೆ ಒರಗಿಸಿದ. ಅಷ್ಟರಲ್ಲಿ ಊಟದ ಹೊತ್ತಾಯಿತು. ಉಂಡ ಮೇಲೆ ಕಣ್ಣು ಎಳೆಯಿತು. ಬಿಸಿಲಿನ ಹೊತ್ತು, ಮನೆ ಮಂದಿಯೆಲ್ಲ ಮಲಗಿದರು.

ದಾಕ್ಷಾಯಣಿಗೆ ಎಚ್ಚರವಾದದ್ದು ಕರಕರ ಶಬ್ದಕ್ಕೆ. ಯಾರೋ ಬಹಳ ಮಂದಿ ಒಟ್ಟಿಗೆ ಹಪ್ಪಳ ತಿನ್ನುತ್ತಿರುವಂಥ ಶಬ್ದ. ಎದ್ದು ಹಿತ್ತಲಿಗೆ ಬಂದಳು. ತೋಟದ ತುಂಬ ಕುರಿಗಳು. ಒಂದು ಟಗರು ಸೌತೆಬಳ್ಳಿಯ ಕಡೆಯ ಎಳೆಯನ್ನು ಶಾವಿಗೆಯಂತೆ ಬಾಯೊಳಗೆ ಎಳೆದುಕೊಳ್ಳುತ್ತ ಆಕೆಯನ್ನು ನೋಡಿತು. ನೋಡಿ, ನಿಧಾನಕ್ಕೆ ನುಂಗಿತು.

ಕುರಿಗಳ ಒಡೆಯ ವಿಠೋಬ ಹಿಂದೆಯೇ ಓಡಿ ಬಂದ. ಬೇವಿನ ನೆರಳಲ್ಲಿ ಅವನಿಗೂ ಕಣ್ಣು ಹತ್ತಿತ್ತಂತೆ. ಮುಂಡಾಸು ಕೈಯಲ್ಲಿ ಹಿಡಿದು, "ತಪ್ಪಾತವ್ವಾ," ಎಂದ. ಮತ್ತೆ ಸಮಾಧಾನ ಮಾಡಲೆಂದು, "ತಿಂದದ್ದು ಎಲ್ಲಿ ಹೋಗತದ ತಂಗಿ? ನಾಳಿ ಮುಂಜಾನಿ ಬುಟ್ಟಿ ತುಂಬಿ ತಂದು ನಿಮ್ಮ ಹಿತ್ತಲದಾಗ ಸುರವತೀನಿ. ಕುರಿ ಹಿಕ್ಕಿಯಂಥಾ ಗೊಬ್ಬರ ಇನ್ನೊಂದಿಲ್ಲ," ಎಂದ.

ದಾಕ್ಷಾಯಣಿ ಅಲ್ಲೇ ಕುರ್ಚಿಯ ಮೇಲೆ ಕೂತು ಗೊಳೋ ಎಂದು ಅತ್ತಳು. ತಾನು ಅಳುವುದು ಸೌತೆಕಾಯಿಗಾಗಿ ಎಂದು ಹೇಳಲು ನಾಚಿಕೆ. ಮಲ್ಲಿನಾಥ ತಾನೇ ಕಿತ್ತ ಬಾಗಿಲನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಹಿತ್ತಲ ತುಂಬ ತಿರುಗಾಡಿದ. ತೋಟದಲ್ಲಿ ಉಳಿದದ್ದು ಬದನೆ, ಬೆಂಡೆಯ ಬರೀ ಕಡ್ಡಿಗಳು, ಕುರಿಗೆ ನಿಲುಕದ ನುಗ್ಗೆ ಮತ್ತು ಕರಿಬೇವು.

ಸಾವಿತ್ರೆವ್ವ ತಲೆಯ ಮೇಲೆ ಕೈ ಹೊತ್ತು ಕೂತಳು. "ಗೌರಕ್ಕ ನಾಳಿ ಬರತಾಳ! ನನ್ನ ಮೂಗು ಹೋತು. ಮೂಗು, ಕಿವಿ ಎಲ್ಲಾ ಹೋತು."

ಶ್ರೀಶೈಲಪ್ಪ ಮೆಲ್ಲಗೆ, "ಕುರಿ ತಿಂದೂ ಅಂತ ಖರೇ ಹೇಳಿದ್ರಾತು," ಎಂದ. ಆತನಿಗೆ ಜನ್ಮದಲ್ಲಿ ಸುಳ್ಳು ಹೇಳಿ ಗೊತ್ತಿರಲಿಲ್ಲ. ಪ್ರಯತ್ನ ಮಾಡಿದರೆ ಕಿವಿ ಕೆಂಪಾಗುತ್ತಿದ್ದವು.

"ಹೇಳಿದ್ರ ನಂಬತಾಳೇನ? ತ್ವಾಟಾನ ಇರಲಿಲ್ಲ, ಫೋಟೊ ಯಾರದೋ ಕಳಿಸ್ಯಾಳ ಅಂತಾಳ." ಸಾವಿತ್ರೆವ್ವ ಸ್ವಲ್ಪ ಹೊತ್ತು ಕಡ್ಡಿಗಳನ್ನು ದಿಟ್ಟಿಸಿದಳು. ಆಮೇಲೆ ಮಗನ ಕಡೆ ತಿರುಗಿದಳು. "ಮಲ್ಲೂ, ಲಗೂನ ಜತ್ತಕ್ಕ ಹೋಗು. ಕಾಯಿಪಲ್ಯೆ ತಗೊಂಡು ಬಾ. ಕಡ್ಡಿಗೆ ಕಟ್ಟೂಣು."

ಮಲ್ಲಿನಾಥನ ಮುಖ ಅರಳಿತು. ಕಟ್ಟುವುದು ಅವನಿಗೆ ಬರುವ ಕೆಲಸ.

ಶ್ರೀಶೈಲಪ್ಪನಿಗೆ ಬೇರೆ ಅಪ್ಪಣೆಯಾಯಿತು. "ಅಕ್ಕ ಏನರೆ ಕೇಳಿದ್ರ ಬಾಯಾಗ ಒಂದು ಉಂಡಿ ಹಾಕ್ಕೋರಿ. ಮಾತಾಡಬ್ಯಾಡ್ರಿ."

ಮಾರನೆಯ ದಿನ ಬೆಳಗ್ಗೆ ದಾಕ್ಷಾಯಣಿಯನ್ನು ಹಿತ್ತಲಿಗೆ ಬಿಡಲಿಲ್ಲ. ಅವಳಿಗೆ ಎಣ್ಣೆ ಹಚ್ಚಿ ಎರೆದರು, ಹಸಿರು ಸೀರೆ ಉಡಿಸಿದರು, ಮೊಣಕೈವರೆಗೆ ಹಸಿರು ಬಳೆ ತೊಡಿಸಿದರು. ತವರೂರು ಉಮದಿಯಿಂದ ಅವಳ ಅವ್ವ ಡಬ್ಬಿಗಟ್ಟಲೆ ತಿಂಡಿ ತಂದಳು. ಓಣಿಯ ಹೆಂಗಸರು ಸೇರಿದರು. ಹಿತ್ತಲಿಂದ ಸೋನಾಲಿ ಮತ್ತು ಮಲ್ಲಿನಾಥನ ಗುಸುಗುಸು ಕೇಳುತ್ತಿತ್ತು. "ಅಣ್ಣಾ, ಕಡ್ಡಿಗೆ ಎಲಿನ ಇಲ್ಲಲ್ಲೋ!" "ಬೇವಿನ ಟೊಂಗಿ ಮುರಕೊಂಡು ಬಾ, ಅದನ್ನೂ ಕಟ್ಟೂಣು."

ಗೌರವ್ವ ಬಂದಳು. ಗಟ್ಟಿ ಆಳು, ಹಣೆಯ ತುಂಬ ವಿಭೂತಿ, ಬಗಲಲ್ಲಿ ಒಂದು ಚೀಲ. ನೀರು ಕೊಟ್ಟರೆ ಕುಡಿಯಲಿಲ್ಲ. "ಮೊದಲ ತ್ವಾಟ," ಎಂದಳು.

ಹೀಗೆ ದಾಕ್ಷಾಯಣಿ, ಅತ್ತೆಯ ಕೈ ಹಿಡಿದು, ಹಿಂದೆ ಹತ್ತಾರು ಹೆಂಗಸರ ಸಮೇತ, ಅಗಲವಾದ ಬಾಗಿಲಿನಿಂದ ಸರಾಗವಾಗಿ ತನ್ನ ತೋಟದೊಳಗೆ ಕಾಲಿಟ್ಟಳು. ಇಟ್ಟವಳು ಹಾಗೇ ನಿಂತುಬಿಟ್ಟಳು.

ಬೆಂಡೆಯ ಕಡ್ಡಿಗಳ ಮೇಲೆ ಬದನೆಕಾಯಿ ತೂಗುತ್ತಿದ್ದವು. ಬದನೆಯ ಕಡ್ಡಿಗಳ ಮೇಲೆ ಬೇವಿನ ಎಲೆ, ಎಲೆಗಳ ನಡುವೆ ಹಳದಿ ದೊಣ್ಣೆ ಮೆಣಸಿನಕಾಯಿ. ಕರಿಬೇವಿನ ಟೊಂಗೆಯಲ್ಲಿ ಒಂದು ಹೂಕೋಸು, ಹಕ್ಕಿಗೂಡಿನಂತೆ. ನುಗ್ಗೆಯ ಗಿಡದಿಂದ ಗುಂಡು ಗುಂಡಾದ ಬೀಟ್‌ರೂಟುಗಳು ಇಳಿಬಿದ್ದು ಗಾಳಿಗೆ ಒಂದಕ್ಕೊಂದು ತಾಕಿ ಟಕ್ ಟಕ್ ಎನ್ನುತ್ತಿದ್ದವು. ಎಲ್ಲದರ ತುದಿಯಲ್ಲೂ ತಾಮ್ರದ ತಂತಿ ಬಿಸಿಲಿಗೆ ಥಳಥಳ. ಪಕ್ಕದಲ್ಲಿ ನಿಂತ ಮಲ್ಲಿನಾಥ ಹೆಮ್ಮೆಯಿಂದ ಹೆಂಡತಿಯ ಕಿವಿಯಲ್ಲಿ, "ಬದನಿಕಾಯಿ ಸಾಲಲಿಲ್ಲ, ಬಣ್ಣ ಚಂದ ಇದ್ದೂ ಅಂತ ಇವನ್ನೂ ತಂದೆ," ಎಂದ.

ದಾಕ್ಷಾಯಣಿ ಕೆಳತುಟಿ ಕಚ್ಚಿ ಹಿಡಿದಳು. ಸೋನಾಲಿ ಅವಳನ್ನು ನಡುವಿನ ಕುರ್ಚಿಯಲ್ಲಿ ಕೂಡಿಸಿ, "ನಗು ವೈನಿ," ಎಂದಳು. "ಬ್ಯಾಡ, ಈಗ ಬ್ಯಾಡ," ಎಂದಳು ದಾಕ್ಷಾಯಣಿ ಹಲ್ಲು ಕಚ್ಚಿಕೊಂಡು.

ಗೌರವ್ವ ಸಾಲುಗಳ ನಡುವೆ ಕೈ ಹಿಂದೆ ಕಟ್ಟಿ ನಡೆದಳು. ಮೊದಲ ಗಿಡದ ಮುಂದೆ ನಿಂತಳು.

"ಸಾವಿತ್ರಿ, ಇದು ಯಾವ ಜಾತಿ?"

"ಹಾಯಬ್ರೀಡ ಅಕ್ಕಾರ," ಎಂದಳು ಸಾವಿತ್ರೆವ್ವ.

"ಎಲಿ ಬೇವಿನ ಗತೆ ಅದಾವಲ್ಲ?"

"ಹೌದ್ರಿ. ಅದಕ್ಕ ಹುಳ ಬೀಳಂಗಿಲ್ಲ."

ಗೌರವ್ವ ತಲೆ ಆಡಿಸಿದಳು. ಹಿಂದಿದ್ದ ನೆರೆಮನೆಯ ನಂದಾ, "ಯವ್ವಾ, ನಮಗೂ ನಾಕು ಬೀಜ ಕೊಡ್ರಿ. ನಮ್ಮ ಬದನಿಗೆ ಬರೀ ಹುಳಾನ," ಎಂದು ಖರೇ ಖರೇ ಕೇಳಿಕೊಂಡಳು.

ಗೌರವ್ವ ತಮ್ಮನ ಕಡೆ ತಿರುಗಿದಳು. "ಶ್ರೀಶೈಲಾ, ಚಲೋ ಬಂದೈತಿ ಬೆಳಿ. ಏನ ಗೊಬ್ಬರ ಹಾಕಿದ್ಯೋ?"

ಶ್ರೀಶೈಲಪ್ಪ ಒಂದು ಉಂಡೆ ಬಾಯಿಗೆ ಹಾಕಿಕೊಂಡ.

"ನೀರು ಎಲ್ಲಿಂದು?"

ಇನ್ನೊಂದು ಉಂಡೆ. ಕೆನ್ನೆ ಎರಡೂ ಉಬ್ಬಿದವು, ಕಿವಿ ಟೊಮೆಟೊ ಆದವು.

ಗೌರವ್ವ ಮುಂದೆ ಸರಿದು ನುಗ್ಗೆ ಗಿಡದ ಕೆಳಗೆ ನಿಂತಳು. ತಲೆ ಎತ್ತಿ ಬಹಳ ಹೊತ್ತು ನೋಡಿದಳು. ಒಂದು ಬೀಟ್‌ರೂಟು ಅವಳ ಹಣೆಗೆ ಮೆತ್ತಗೆ ಬಡಿಯಿತು.

"ನಮ್ಮ ಕಡೆ ಇದು ನೆಲದಾಗ ಬೆಳೀತದ," ಎಂದಳು.

ದಾಕ್ಷಾಯಣಿ ಅತ್ತೆಯನ್ನು ನೋಡಿದಳು. ಸಾವಿತ್ರೆವ್ವ ಸೋಲಲಿಲ್ಲ.

"ಇಲ್ಲಿ ನೆಲ ಭಾಳ ಗಟ್ಟಿ ಅಕ್ಕಾರ. ಒಳಗ ಹೋಗಾಕ ಆಗಲಿಲ್ಲ ಅವಕ್ಕ. ಮ್ಯಾಲ ಹತ್ತ್ಯಾವ."

"ಹಂಗ ಅನ್ನು," ಎಂದಳು ಗೌರವ್ವ. ಅವಳ ಮುಖದ ಒಂದು ಗೆರೆಯೂ ಅಲುಗಲಿಲ್ಲ. "ಇದರ ಬೀಜ ನನಗ ಬೇಕ ಬೇಕು. ನೆಲ ಅಗದು ಅಗದು ನನ್ನ ನಡಾ ಬಿದ್ದೈತಿ. ಇದಾದ್ರ ನಿಂತ ನಿಂತಲ್ಲೇ ಹರಕೋಬಹುದು."

ದಾಕ್ಷಾಯಣಿಯ ಹೊಟ್ಟೆಯೊಳಗಿಂದ ಒಂದು ನಗು ಎದ್ದು ಎದೆಗೆ ಬಂದು ನಿಂತಿತು. ಅದನ್ನು ತಡೆಯಲು ಅವಳು ಸತ್ತ ಅಜ್ಜನನ್ನು ನೆನೆಸಿಕೊಂಡಳು. ಕುರಿಗಳನ್ನು ನೆನೆಸಿಕೊಂಡಳು. ಸೌತೆಬಳ್ಳಿ ನುಂಗಿದ ಟಗರಿನ ಮುಖ ನೆನಪಾಗಿ ನಗು ಇನ್ನೂ ಮೇಲಕ್ಕೆ ಬಂತು.

"ನಮ್ಮೂರ ಗುಡಿ ದಾನಮ್ಮಗ ಒಂದು ಬದನಿಕಾಯಿ ಒಯ್ಯತೀನಿ," ಎಂದು ಗೌರವ್ವ ಬಾಗಿ ಕಾಯಿಗೆ ಕೈ ಹಾಕಿದಳು. ಎಳೆದಳು. ಬರಲಿಲ್ಲ. ತಿರುವಿದಳು. ಬರಲಿಲ್ಲ. ಸೆರಗು ಕಟ್ಟಿ, ಎರಡೂ ಕೈಯಿಂದ ಜಗ್ಗಿದಳು. ಮಲ್ಲಿನಾಥ ಸುತ್ತಿದ ತಂತಿ! ಕಾಯಿ ಬಿಡಲಿಲ್ಲ, ಕಡ್ಡಿಯೇ ಬೇರು ಸಮೇತ ಕಿತ್ತು ಬಂತು. ಗೌರವ್ವ ಅದನ್ನು ಹಿಡಿದುಕೊಂಡೇ ಹಿಂದಕ್ಕೆ ತೂರಾಡಿ, ವಿಠೋಬ ಮುಂಜಾನೆ ಮಾತಿನಂತೆ ಸುರಿದು ಹೋಗಿದ್ದ ಕುರಿ ಹಿಕ್ಕೆಯ ಗುಡ್ಡೆಯ ಮೇಲೆ ಪಸಕ್ಕನೆ ಕೂತಳು.

ಆಗ ಮಲ್ಲಿನಾಥ ಮುಂದೆ ಓಡಿ ಬಂದ. ಸೋದರತ್ತೆಗೆ ನೋವಾದೀತೆಂಬ ಕಳಕಳಿಯಲ್ಲಿ ಅವನಿಗೆ ಬೇರೇನೂ ನೆನಪಿರಲಿಲ್ಲ. "ತಡೀ ಅತ್ತಿ, ಜಗ್ಗಬ್ಯಾಡ. ಪಕ್ಕಡ ತಂದು ಕತ್ತರಿಸಿ ಕೊಡತೀನಿ!"

"ಬದನಿಕಾಯಿ ಹರ್ಯಾಕ ಪಕ್ಕಡ ಏನೋ?"

"ಹದಿನೆಂಟು ಗೇಜಿನ ತಂತಿ ಐತಿ ಅತ್ತಿ, ಕೈಲೆ ಬರಂಗಿಲ್ಲ."

ಅಷ್ಟೇ. ದಾಕ್ಷಾಯಣಿಯ ನಗು ಕಟ್ಟೆಯೊಡೆಯಿತು. ಅದು ಸಾಧಾರಣ ನಗುವಲ್ಲ. ಮೊದಲು ಧ್ವನಿಯೇ ಇಲ್ಲದೆ ಬಂತು, ಮೈಯೆಲ್ಲ ನಡುಗಿತು, ಹೊಟ್ಟೆ ಮೇಲೆ ಕೆಳಗೆ ಕುಣಿಯಿತು, ಬಳೆಗಳೆಲ್ಲ ಜಣಜಣ ಎಂದವು. ಕುರ್ಚಿಯ ಹಿಂಗಾಲು ಹಸಿ ಮಣ್ಣಲ್ಲಿ ಕುಸಿದು ಆಕೆ ಆಕಾಶ ನೋಡುವಂತೆ ಒರಗಿದಳು. ಕಣ್ಣಿಂದ ನೀರು ಧಾರಾಕಾರ. "ಅಯ್ಯೋ... ಅಯ್ಯೋ..." ಎಂಬುದು ಬಿಟ್ಟರೆ ಬೇರೆ ಮಾತು ಹೊರಡಲಿಲ್ಲ.

ನಂದಾ ಅದನ್ನು ನೋಡಿ ಚಿಟ್ಟನೆ ಚೀರಿದಳು. "ಬ್ಯಾನಿ ಸುರು ಆದೂ! ದಾಕ್ಷಾಯಣಿಗೆ ಬ್ಯಾನಿ ಸುರು ಆದೂ!"

"ಏಳನೇ ತಿಂಗಳದಾಗ?" ಎಂದು ಸಾವಿತ್ರೆವ್ವ ಎದೆ ಬಡಿದುಕೊಂಡಳು. ದಾಕ್ಷಾಯಣಿ ಇಲ್ಲ ಇಲ್ಲ ಎಂದು ಕೈ ಬೀಸಿದಳು. ಕೈ ಬೀಸಿದ್ದನ್ನು ಕಂಡು, ಬಾ ಬಾ ಎಂದು ಕರೆಯುತ್ತಿದ್ದಾಳೆ ಎಂದು ಮತ್ತಷ್ಟು ಮಂದಿ ಮೈಮೇಲೆ ಬಿದ್ದರು. ಒಬ್ಬಳು ಗಾಳಿ ಬೀಸಿದಳು, ಒಬ್ಬಳು ಅಂಗಾಲು ತಿಕ್ಕಿದಳು, ಸೋನಾಲಿ ಫೋಟೊ ತೆಗೆಯುತ್ತಲೇ ಅಳತೊಡಗಿದಳು. ಮಲ್ಲಿನಾಥ ಪಕ್ಕಡದ ಮಾತೇ ಮರೆತು ಮುಂಬಾಗಿಲಿಗೆ ಓಡಿದ. ಅವನು ಮೋಟರು ಸಾಗಿಸುವ ಟೆಂಪೊ ಗುರ್ ಎಂದಿತು, ಧೂಳೆಬ್ಬಿಸಿಕೊಂಡು ಹೊರಟೇ ಹೋಯಿತು.

ಧೂಳು ಇಳಿದ ಮೇಲೆ ಶ್ರೀಶೈಲಪ್ಪ ಬಾಯಲ್ಲಿದ್ದ ಉಂಡೆ ನುಂಗಿ, ಬೆಳಗಿನಿಂದ ಮೊದಲ ಸಲ ಮಾತಾಡಿದ. "ಅಂವ ಯಾರನ್ನ ಕರಕೊಂಡು ಹೋದ?"

ಎಲ್ಲರೂ ದಾಕ್ಷಾಯಣಿಯನ್ನು ನೋಡಿದರು. ದಾಕ್ಷಾಯಣಿ ಅಲ್ಲೇ ಇದ್ದಳು. ಈಗ ಅವಳಿಗೆ ಬಿಕ್ಕಳಿಕೆ ಬೇರೆ ಹತ್ತಿತ್ತು.

ಹಿಕ್ಕೆಯ ಗುಡ್ಡೆಯ ಮೇಲೆ ಕೂತಿದ್ದ ಗೌರವ್ವ ಮೊದಲು ನಕ್ಕಳು. ಗಡಸು ದನಿಯ ದೊಡ್ಡ ನಗು. "ಬ್ಯಾನಿ ಅಲ್ಲ ಗಿನಿ ಅಲ್ಲ. ಹುಡುಗಿ ನಗಾಕತ್ಯಾಳ, ಬಿಡ್ರಿ ಆಕಿನ್ನ. ಗಾಳಿ ಆಡಲಿ."

ಸಾವಿತ್ರೆವ್ವನಿಗೆ ಮಾತ್ರ ನಗು ಬರಲಿಲ್ಲ. ಸೆರಗಿನ ತುದಿ ಬಾಯಿಗೆ ಒತ್ತಿ ನಿಂತಿದ್ದಳು. "ಕುರಿ ತಿಂದೂ ಅಕ್ಕಾರ," ಎಂದಳು ಕಡೆಗೆ, ಸಣ್ಣ ದನಿಯಲ್ಲಿ. "ನಿನ್ನಿ ಮಟಾ ಖರೇನ ಇತ್ರಿ ತ್ವಾಟ. ಆಣೆ ಮಾಡಿ ಹೇಳತೀನಿ."

"ಗೊತ್ತೈತಿ ಬಿಡ. ಹೊಕ್ಕ ಕೂಡಲೆ ಗೊತ್ತಾತು. ಕುರಿ ಹೆಜ್ಜಿ ಎಲ್ಲಾ ಹಂಗ ಅದಾವ. ಇಷ್ಟು ಕಡ್ಡಿ ಸಾಲಾಗಿ ನಿಂತಾವಂದ್ರ ತ್ವಾಟ ಇತ್ತು ಅನ್ನೂದೂ ತಿಳಿತು." ಗೌರವ್ವ ಏಳಲು ಕೈ ಚಾಚಿದಳು. "ಆದ್ರ ನೀ ಇನ್ನೂ ಏನೇನು ಹೇಳತಿ ಕೇಳಬೇಕಾಗಿತ್ತು. ಮ್ಯಾಲ ಹತ್ತ್ಯಾವ ಅಂದೆಲ್ಲ, ಏ ಸಾವಿತ್ರಿ, ಇಪ್ಪತ್ತೈದು ವರ್ಷದಾಗ ನೀ ನನ್ನ ಇಷ್ಟು ನಗಸಿರಲಿಲ್ಲ."

ಸಾವಿತ್ರೆವ್ವ ಕೈ ಕೊಟ್ಟು ಅವಳನ್ನು ಎಬ್ಬಿಸಿದಳು. ಎಬ್ಬಿಸಿ, ಅವಳ ಸೀರೆಗೆ ಹತ್ತಿದ್ದ ಹಿಕ್ಕೆ ಒಂದೊಂದೇ ಕೊಡವುತ್ತ, ತಡೆಯಲಾರದೆ ತಾನೂ ನಕ್ಕುಬಿಟ್ಟಳು.

ಅಷ್ಟರಲ್ಲಿ ಮಲ್ಲಿನಾಥನ ಫೋನು ಬಂತು. ದವಾಖಾನೆಯ ಬಾಗಿಲಲ್ಲಿ ನಿಂತು ಸ್ಟ್ರೆಚರು ತರಿಸಿದ್ದ. ಟೆಂಪೊದ ಹಿಂಬಾಗಿಲು ತೆಗೆದು ನೋಡಿದರೆ ಎರಡು ಹಳೆಯ ಮೋಟರು ಮಾತ್ರ ಇದ್ದವಂತೆ. ನರ್ಸಬಾಯಿ, "ಪೇಶಂಟ್ ಕುಠೇ?" ಅಂದರೆ ಪೇಶಂಟ್ ಎಲ್ಲಿ ಎಂದು ಮರಾಠಿಯಲ್ಲಿ ಕೇಳುತ್ತಿದ್ದಾಳೆ, ಏನು ಹೇಳಲಿ ಎಂದು ಅವನ ಪ್ರಶ್ನೆ.

"ಬರುವಾಗ ಸೌತಿಕಾಯಿ ತಗೊಂಡು ಬರ್ರಿ," ಎಂದಳು ದಾಕ್ಷಾಯಣಿ, ಬಿಕ್ಕಳಿಸುತ್ತ. "ಎಳೀವು."

ಗೌರವ್ವ ಅದನ್ನು ಕೇಳಿ ಹುಬ್ಬೇರಿಸಿದಳು. "ಸೌತಿಕಾಯಿ ಬಯಕಿ ಇತ್ತೇನ ನಿನಗ? ಹೇಳೂದಲ್ಲೇನ ಬಾಯಿ ಬಿಟ್ಟು!" ಎಂದು ತನ್ನ ಬಗಲ ಚೀಲ ಬಿಚ್ಚಿ, ಗುಡ್ಡಾಪುರದ ಹೊಲದ ಎಳೆ ಸೌತೆಕಾಯಿ ತೆಗೆದು ಅವಳ ಕೈಗಿಟ್ಟಳು. ದಾಕ್ಷಾಯಣಿ ಓರೆಯಾದ ಕುರ್ಚಿಯಲ್ಲಿ ಹಾಗೇ ಒರಗಿಕೊಂಡು, ಮೊಣಕೈವರೆಗಿನ ಬಳೆ ಸದ್ದು ಮಾಡುತ್ತ, ಕರುಂ ಕರುಂ ಎಂದು ಕಡಿದಳು. ಉಡಿ ತುಂಬುವ ಶಾಸ್ತ್ರಕ್ಕೆ ಎಲ್ಲರೂ ಅರ್ಧ ಗಂಟೆ ಕಾಯಬೇಕಾಯಿತು.

ತಿಂಡಿ ತೀರ್ಥ ಮುಗಿದ ಮೇಲೆ ಗೌರವ್ವ ಕಡ್ಡಿಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬದನೆಯ ಒಂದು ಕಡ್ಡಿಯನ್ನು ಉಗುರಿನಿಂದ ಕೆರೆದು ದಾಕ್ಷಾಯಣಿಗೆ ತೋರಿಸಿದಳು. ಒಳಗೆ ಹಸಿರಿತ್ತು. "ಬೇರಿಗೆ ಏನೂ ಆಗಿಲ್ಲ. ತುದಿ ಕತ್ತರಿಸಿ, ಹಿಕ್ಕಿ ಹಾಕಿ ನೀರು ಬಿಡ್ರಿ. ಚಿಗೀತಾವ."

ಅವು ಚಿಗುರಿದವು. ದಾಕ್ಷಾಯಣಿ ಬಾಣಂತನಕ್ಕೆಂದು ಉಮದಿಗೆ ಹೋದ ಮೇಲೆ ಕುರ್ಚಿಯ ಮೇಲೆ ಕೂತು ಬೆರಳು ತೋರಿಸುವ ಕೆಲಸ ಸಾವಿತ್ರೆವ್ವನದಾಯಿತು. ಮುಂಗಾರಿನ ಮೊದಲ ಮೋಡ ಕಟ್ಟಿದ ವಾರ ಹೆಣ್ಣು ಕೂಸು ಹುಟ್ಟಿತು. ದಿನ ತುಂಬಿತೆಂದು ಮೊದಲೇ ಉಮದಿಗೆ ಬಂದಿದ್ದ ಮಲ್ಲಿನಾಥ ಈ ಸಲ ದವಾಖಾನೆಗೆ ಹೋಗುವ ಮುಂಚೆ ಮೂರು ಸಲ ಹಿಂದೆ ತಿರುಗಿ ಹೆಂಡತಿ ಗಾಡಿಯಲ್ಲಿದ್ದಾಳೆಯೇ ಎಂದು ನೋಡಿದ.

ತೊಟ್ಟಿಲ ದಿನ ಸಾವಿತ್ರೆವ್ವ ಚೀಲದ ತುಂಬ ಬದನೆಕಾಯಿ ಹೊತ್ತು ಉಮದಿಯಲ್ಲಿ ಬಸ್ಸಿಳಿದಳು. ನೇರಳೆ ಬಣ್ಣದ, ಮಿರಿಮಿರಿ ಮಿಂಚುವ ಗುಂಡು ಕಾಯಿಗಳು. ದಾಕ್ಷಾಯಣಿ ಒಂದನ್ನು ಕೆನ್ನೆಗೆ ಒತ್ತಿಕೊಂಡು ಮೂಸಿ ನೋಡಿದಳು. ಆದರೆ ಅವಳ ಅವ್ವ ನಡುವೆ ಬಂದಳು. "ಬದನಿಕಾಯಿ ನಂಜು. ಬಾಣಂತಿ ಬಾಯಿಗೆ ಹೋಗಬಾರದು."

ಹಾಗಾಗಿ ಎಣ್ಣೆಗಾಯಿ ಆಯಿತು, ಪಂಕ್ತಿಯಲ್ಲಿ ಎಲ್ಲರೂ ಬೆರಳು ಚೀಪುತ್ತ ಉಂಡರು. ದಾಕ್ಷಾಯಣಿ ಕತ್ತಲ ಕೋಣೆಯಲ್ಲಿ ಬೆಳ್ಳುಳ್ಳಿ ಅನ್ನದ ತಟ್ಟೆ ಹಿಡಿದು, ಬೆಳೆದವಳು ತಾನು, ತಿನ್ನುವವರು ಊರ ಮಂದಿ ಎಂದು ಗೊಣಗುತ್ತಿದ್ದಳು. ಪರದೆ ಸರಿಸಿ ಮಲ್ಲಿನಾಥ ಬಂದ. ಕೈಯಲ್ಲಿ ಅವನ ತಟ್ಟೆ.

"ನಾ ಏನೂ ಕೊಡಾಂವ ಅಲ್ಲ," ಎಂದ ಆ ಕಡೆ ಈ ಕಡೆ ನೋಡಿ. "ವಾಸನಿ ಅಷ್ಟ ತೋರಸಾಕ ಬಂದೀನಿ."

ದಾಕ್ಷಾಯಣಿ ದೊಡ್ಡ ಕಾಯಿಯನ್ನೇ ತೊಟ್ಟು ಹಿಡಿದು ಎತ್ತಿ, ಎರಡೇ ತುತ್ತಿಗೆ ನುಂಗಿ, ತುಟಿ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು. ತಾಯಿಗೂ ಏನೂ ಆಗಲಿಲ್ಲ, ಕೂಸಿಗೂ ಏನೂ ಆಗಲಿಲ್ಲ. ಮಲ್ಲಿನಾಥ ಮಾತ್ರ ಇನ್ನೊಂದು ಕಾಯಿ ಬಡಿಸಿರೆಂದು ಪಂಕ್ತಿಗೆ ಮರಳಿ ಹೋಗಿ, ಎಷ್ಟು ತಿನ್ನುತ್ತಾನಪ್ಪ ಈ ಅಳಿಯ ಎಂದು ಅನ್ನಿಸಿಕೊಂಡ.